‘ಒಪ್ಪು’ ಮತ್ತು ಅದರ ಬಳಗ

ನಮ್ಮ ಕಾಸರಗೋಡು ಸೀಮೆಯಲ್ಲಿ ವಿದ್ಯಾರ್ಥಿಯೊಬ್ಬನು ರಜೆಯ ಅರ್ಜಿಯ ಕೊನೆಗೆ ‘ತಂದೆಯವರ ಒಪ್ಪು’ ಎಂದು ಬರೆದಿದ್ದನು. ನಾವು ಅದನ್ನು ಕೆಂಪು ಶಾಯಿಯಿಂದ ಹೊಡೆದು ‘ಸಹಿ’ ಎಂದು ತಿದ್ದಿದೆವು. ಮಲೆಯಾಳದಲ್ಲಿ ಸಹಿಗೆ ‘ಒಪ್ಪ್’ ಎನ್ನುವರಷ್ಟೆ. ಅದೇ ಕನ್ನಡದೊಳಗೆ ನುಸುಳಿತೆಂದು ನಮ್ಮ ಎಣಿಕೆಯಾಗಿತ್ತು. ಆ ತಿದ್ದುಪಡಿಯಲ್ಲಿ ನಮ್ಮ ಅವಸರವೂ ಇದ್ದಿತೆಂದು ಈಗ ಒಪ್ಪಿಕೊಳ್ಳುತ್ತೇವೆ.

ವಿಜಯನಗರ ಕಾಲದ ಕನ್ನಡ ಶಾಸನಗಳ ಕೊನೆಯಲ್ಲಿ ‘ಒಪ್ಪ’ ಎಂಬ ಮಾತು ಸಹಿಯ ಅರ್ಥದಲ್ಲಿಯೇ ಬರುತ್ತದೆ. ಅರಸರ ಒಪ್ಪವು ‘ಶ್ರೀ ವಿರೂಪಾಕ್ಷ’ ಎಂದಿರುವುದುಂಟು. ಹುಡುಗನು ಬರೆದ ರೂಪ ನೆರೆಮನೆಯದಿರಬಹುದು. ಅರ್ಥ ನಮ್ಮ ಮನೆಯದೇ. ನಾವು ಬರೆದ ‘ಸಹಿ’ಯಾದರೋ ಅರಬ್ಬಿಯಿಂದ ಬಂದುದು, ಅದರ ಮೂಲಾರ್ಥ ‘ಸರಿಯಾದುದು’. ‘ತಪ್ಪು ಒಪ್ಪು’ ಎನ್ನುವಾಗ ಒಪ್ಪಿಗೂ ಅದೇ ಅರ್ಥ. ರಾಯದುರ್ಗ, ಮಡಕಶಿರಾಗಳ ನಮ್ಮ ಬಂಧುಗಳು ನೆರೆಯ ತೆಲುಗಿನಲ್ಲಿಯೂ ಈ ಜೋಡಿಯನ್ನು ದಿನವೂ ಕೇಳುತ್ತಾರೆ.

ಇನ್ನು ಪ್ರಯೋಗದ ಮಾತು. ‘ಮದುವೆಗೆ ಒಪ್ಪಿದರು’ ಎಂದರೆ ಆಗಲಿ ಎಂದರು. ‘ತಪ್ಪನ್ನು ಒಪ್ಪಿದರು’ ಎಂದರೆ ನಿಜವೆಂದರು. ವಿಭಕ್ತಿ ಬದಲಾದೊಡನೆ ಅರ್ಥವೂ ಬದಲಾಯಿತು. ‘ಈ ಸೀರೆ ಅವಳಿಗೆ ಒಪ್ಪುತ್ತದೆ’ ಎಂಬಲ್ಲಿ ಹೊಂದಿಕೆಯ ಚೆಲುವು; ಮಗ್ಗಿ ‘ಒಪ್ಪಿಸು’ವಲ್ಲಿ ಗುರುವಿನ ಮುಂದಿಡುವ ವಿನಯ.

ಪರ್ಯಾಯವೆಂದು ಕೋಶಗಳು ಕೊಡುವ ಪದಗಳೆಲ್ಲ ಒಂದೇ ತೂಕದವಲ್ಲ. ಸಮಾನರು ಕೊಡುವುದು ಸಮ್ಮತಿ. ಅಧಿಕಾರವುಳ್ಳವರು ಕೆಲಸಕ್ಕೆ ಮೊದಲು ಕೊಡುವುದು ಅನುಮತಿ. ಸಭೆಯಲ್ಲಿ ಒಬ್ಬರು ಸೂಚಿಸಿದುದನ್ನು ಮತ್ತೊಬ್ಬರು ಎತ್ತಿಹಿಡಿಯುವುದು ಅನುಮೋದನೆ; ಸಭೆಯೇ ತನ್ನದಾಗಿಸಿಕೊಳ್ಳುವುದು ಅಂಗೀಕಾರ. ಹಣಕ್ಕೂ ರಜೆಗೂ ಕಚೇರಿ ಕೊಡುವುದು ಮಂಜೂರಾತಿ. ಪ್ರವಾಸಕ್ಕೆ ಹೆತ್ತವರಿಂದ ‘ಮಂಜೂರಾತಿ’ ತರಿಸುವ ಸುತ್ತೋಲೆಯನ್ನೂ ನಾವು ಕಂಡಿದ್ದೇವೆ! ಅಲ್ಲಿ ‘ಒಪ್ಪಿಗೆ’ ಎಂದರೆ ಅಕ್ಷರ ಬಾರದ ಅಜ್ಜಿಗೂ ತಿಳಿಯುತ್ತಿತ್ತು.

ಅರ್ಜಿಯಲ್ಲಿ ‘ಸಹಿ’ ಎಂದೇ ಬರೆಯಲಿ; ಇಂದಿನ ರೂಢಿ ಅದು. ಆದರೆ ಗಡಿಯ ಮಗುವಿನ ಬಾಯಿಂದ ಬಂದ ಮಾತೆಲ್ಲ ಪರಭಾಷೆಯ ಕಲಬೆರಕೆಯೆಂದು ನಾವೇ ಸಾರಿದರೆ, ತನ್ನ ಕನ್ನಡವೇ ಕೀಳೆಂದು ಆ ಮಗು ನಂಬೀತು. ೧೯೫೬ರಲ್ಲಿ ರಾಜ್ಯದ ಎಲ್ಲೆ ಬದಲಾಯಿತು. ಪದಗಳ ಬೇರು ಅದಕ್ಕಿಂತ ಬಹು ಹಳೆಯದು. ಕೆಂಪು ಲೇಖನಿಯನ್ನು ಎತ್ತುವ ಮೊದಲು ಕೋಶವನ್ನೊಮ್ಮೆ ತೆರೆಯೋಣ. ಈ ಮಾತಿಗೆ ಸಹೋದ್ಯೋಗಿಗಳ ಒಪ್ಪಿಗೆ ದೊರೆತೀತೆಂದು ನಂಬಿದ್ದೇವೆ.