‘ಗುಣ’ವೆಂಬ ಮಾತಿನ ಅರ್ಥ
ಸ್ತ್ರೀಯರ ಮೂತ್ರಸ್ರಾವದ ಶಸ್ತ್ರಚಿಕಿತ್ಸೆಯ ದೀರ್ಘಕಾಲದ ಫಲವನ್ನು ಕುರಿತು ಒಂದು ವಿಮರ್ಶೆ

ಕೆಮ್ಮಿದಾಗ, ಸೀನಿದಾಗ, ನಕ್ಕಾಗ, ಭಾರವೆತ್ತಿದಾಗ ತಡೆಯಿಲ್ಲದೆ ಮೂತ್ರ ಜಿನುಗುವ ಬಾಧೆಗೆ ವೈದ್ಯಶಾಸ್ತ್ರವು ಒತ್ತಡಜನ್ಯ ಮೂತ್ರಸ್ರಾವವೆಂದು ಹೆಸರಿಟ್ಟಿದೆ. ಹೆರಿಗೆಗಳಿಂದಲೂ ವಯಸ್ಸಿನಿಂದಲೂ ಮೂತ್ರನಾಳಕ್ಕೆ ಆಸರೆಯಾದ ಸ್ನಾಯುಗಳೂ ತಂತುಗಳೂ ಸಡಿಲಗೊಂಡಾಗ, ಹೊಟ್ಟೆಯೊಳಗಿನ ಒತ್ತಡವು ಏರಿದ ಕ್ಷಣದಲ್ಲಿ ನಾಳವು ಮುಚ್ಚಿಕೊಳ್ಳಲಾರದೆ ಹೋಗುವುದೇ ಇದರ ಮೂಲ. ಇದನ್ನು ಸರಿಪಡಿಸಲು ನೂರು ವರ್ಷಗಳಿಗೂ ಮೇಲ್ಪಟ್ಟು ಶಸ್ತ್ರಕ್ರಿಯೆಗಳು ನಡೆದುಬಂದಿವೆ. ಅವುಗಳ ದೀರ್ಘಕಾಲದ ಫಲವನ್ನು ಕುರಿತು ವಿಪುಲವಾದ ಬರವಣಿಗೆಯೂ ಬೆಳೆದಿದೆ. ಆ ಬರವಣಿಗೆಯನ್ನು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸ್ತ್ರೀಜೀವನದ ಬಳಿ ನಿಂತು ಓದಿದರೆ ಅದರ ಬಲಾಬಲಗಳು ಹೇಗೆ ತೋರುತ್ತವೆಂಬುದನ್ನು ನಾವು ಇಲ್ಲಿ ವಿಚಾರಿಸಬೇಕೆಂದಿದ್ದೇವೆ.

ಇತಿಹಾಸವನ್ನು ವಿಸ್ತರಿಸುವ ಅಗತ್ಯವಿಲ್ಲ. 1913ರ ಸುಮಾರಿಗೆ ಅಮೆರಿಕದ ಹೋವರ್ಡ್ ಕೆಲ್ಲಿ ಮೂತ್ರಕೋಶದ ಕೊರಳಿಗೆ ಹೊಲಿಗೆ ಹಾಕಿ ಬಿಗಿಗೊಳಿಸುವ ಕ್ರಮವನ್ನು ವಿವರಿಸಿದನು. 1961ರಲ್ಲಿ ಜಾನ್ ಬರ್ಚ್ ಯೋನಿಯ ಮುಂಗೋಡೆಯನ್ನು ಮೇಲಕ್ಕೆತ್ತಿ ಕಟ್ಟುವ ಶಸ್ತ್ರಕ್ರಿಯೆಯನ್ನು ಪ್ರಕಟಿಸಿದನು. ರೋಗಿಯ ದೇಹದಿಂದಲೇ ತೆಗೆದ ತಂತುಪಟ್ಟಿಯನ್ನು ತೊಟ್ಟಿಲಿನಂತೆ ನಾಳದ ಕೆಳಗೆ ಇಳಿಬಿಡುವುದು ಇನ್ನೊಂದು ಮಾರ್ಗ. 1990ರ ದಶಕದ ಮಧ್ಯದಲ್ಲಿ ಸ್ವೀಡನ್ನಿನ ಉಲ್ಫ್ ಉಲ್ಮ್‌ಸ್ಟೆನ್ ಕೃತಕ ನೂಲಿನ ಜಾಲರಿಯ ಪಟ್ಟಿಯನ್ನು ಬಳಕೆಗೆ ತಂದ ಮೇಲೆ ಈ ಕ್ಷೇತ್ರವೇ ಬದಲಾಯಿತು.

ಈಗ ಎರಡು ಪ್ರಸಿದ್ಧ ವರದಿಗಳನ್ನು ಎದುರುಬದುರಾಗಿ ಇಟ್ಟು ನೋಡೋಣ. ಉಲ್ಮ್‌ಸ್ಟೆನ್ನನ ಪಟ್ಟಿಯನ್ನು ಮೊದಲಿಗೆ ಹಾಕಿಸಿಕೊಂಡ ನಾರ್ಡಿಕ್ ದೇಶಗಳ 90 ಸ್ತ್ರೀಯರನ್ನು ಅನುಸರಿಸಿ, 17 ವರ್ಷಗಳ ಫಲವನ್ನು 2013ರಲ್ಲಿ ಪ್ರಕಟಿಸಲಾಯಿತು. ಪರೀಕ್ಷೆಗೆ ದೊರೆತವರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿಯಲ್ಲಿ ಸ್ರಾವ ಕಾಣಲಿಲ್ಲ. ತಮಗೆ ಗುಣವಾಗಿದೆ, ಇಲ್ಲವೆ ಬಹಳ ಮಟ್ಟಿಗೆ ಮೇಲಾಗಿದೆ ಎಂದವರು ನೂರಕ್ಕೆ 87. ಅಮೆರಿಕದಲ್ಲಿ 655 ಸ್ತ್ರೀಯರ ಮೇಲೆ ಬರ್ಚನ ಶಸ್ತ್ರಕ್ರಿಯೆಯನ್ನೂ ತಂತುಪಟ್ಟಿಯನ್ನೂ ತೂಗಿನೋಡಿದ ಪ್ರಯೋಗದ ಫಲವು 2007ರಲ್ಲಿ ಬಂದಿತು: ಎರಡು ವರ್ಷಗಳಿಗೆ ಪೂರ್ಣ ಸಫಲತೆ ಕ್ರಮವಾಗಿ ನೂರಕ್ಕೆ 38 ಮತ್ತು 47. ಐದು ವರ್ಷಗಳಾಗುವಾಗ, 2012ರ ವರದಿಯಂತೆ, ಸ್ರಾವವಿಲ್ಲದೆ ಉಳಿದವರು 24.1 ಮತ್ತು 30.8 ಮಾತ್ರ.

ಒಂದು ಕಡೆ ಹತ್ತರಲ್ಲಿ ಒಂಬತ್ತು, ಇನ್ನೊಂದು ಕಡೆ ಹತ್ತರಲ್ಲಿ ಮೂರು! ಇವನ್ನು ಒಂದೇ ಪಟ್ಟಿಯಲ್ಲಿ ಬರೆದು, ಮೊದಲನೆಯ ಶಸ್ತ್ರಕ್ರಿಯೆ ಮೂರು ಪಾಲು ಮೇಲೆಂದು ವಿದ್ಯಾರ್ಥಿಗಳಿಗೆ ಹೇಳಿಕೊಡುವುದು ಸುಲಭ. ಆದರೆ ಅದು ತಪ್ಪು. ವ್ಯತ್ಯಾಸದ ಬಹುಭಾಗವು ಅಳತೆಗೋಲಿನಲ್ಲಿದೆ. ಅಮೆರಿಕದ ಪ್ರಯೋಗದಲ್ಲಿ ಸಫಲಳೆನಿಸಬೇಕಾದರೆ ಸ್ತ್ರೀಯು ಮೂರು ದಿನ ಬರೆದಿಟ್ಟ ದಿನಚರಿಯಲ್ಲಿ ಒಂದು ಸಲವೂ ಸ್ರಾವವಿರಬಾರದು, ಧರಿಸಿದ ಬಟ್ಟೆಯ ತೂಕದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ಕೆಮ್ಮಿಸಿದಾಗ ಸೋರಬಾರದು, ದೂರೂ ಇರಬಾರದು, ಮರುಚಿಕಿತ್ಸೆಯೂ ನಡೆದಿರಬಾರದು. ನಾರ್ಡಿಕ್ ವರದಿಯು ‘ಬಹಳ ಮಟ್ಟಿಗೆ ಮೇಲು’ ಎಂಬುದನ್ನೂ ತನ್ನ 87ರೊಳಗೆ ಸೇರಿಸಿಕೊಂಡಿದೆ. ಇನ್ನೂ ಕುತೂಹಲಕರವಾದ ಸಂಗತಿಯೆಂದರೆ, ಅದೇ ಅಮೆರಿಕದ ಸ್ತ್ರೀಯರಲ್ಲಿ ಐದು ವರ್ಷಗಳ ಅನಂತರ ತೃಪ್ತಿಯನ್ನು ಸೂಚಿಸಿದವರು ನೂರಕ್ಕೆ 73 ಮತ್ತು 83. ಪರೀಕ್ಷಕನು ಸೋಲೆಂದು ಬರೆದುದನ್ನು ರೋಗಿಯು ಗೆಲುವೆಂದು ಒಪ್ಪಿದ್ದಾಳೆ. ನಮ್ಮ ಸೀಮೆಯಲ್ಲಿ ‘ಗುಣವಾತು’ ಎಂದಾಗ ಹೇಳುವವಳ ಮನಸ್ಸಿನಲ್ಲಿರುವುದು ಈ ಎರಡರಲ್ಲಿ ಯಾವುದೆಂದು ನಾವು ಕೇಳಿಕೊಳ್ಳಬೇಕಾಗಿದೆ.

ಅಳತೆಗೋಲುಗಳಾದರೂ ನಿರಪೇಕ್ಷವಲ್ಲ. ಮೂರು ದಿನಗಳ ದಿನಚರಿಯು ಅಕ್ಷರವನ್ನೂ ಏಕಾಂತವನ್ನೂ ಬೇಡುತ್ತದೆ. ತೂಕದ ಪರೀಕ್ಷೆಯು ಅಂಗಡಿಯ ಪ್ಯಾಡನ್ನು ಬೇಡುತ್ತದೆ. ಹಳೆಯ ಸೀರೆಯ ಅರಿವೆಯನ್ನು ಮಡಿಚಿ, ತೊಳೆದು, ಮರೆಯಲ್ಲಿ ಒಣಗಿಸಿಕೊಳ್ಳುವವಳನ್ನು ಅದು ಎಣಿಸಿಲ್ಲ. ಕೊಠಡಿಯೊಳಗೆ ಕೆಮ್ಮಿಸಿ ನೋಡುವುದು ಒಂದು. ಬಾದಾಮಿಯ ಕಡೆಯ ಹೊಲದಲ್ಲಿ ಕಣಿಕೆಯ ಹೊರೆಯನ್ನು ತಲೆಗೇರಿಸುವುದು, ತುಂಬಿದ ಕೊಡವನ್ನು ಸೊಂಟಕ್ಕೆತ್ತುವುದು, ಇಳಕಲ್ಲಿನ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ತಾಸುಗಟ್ಟಲೆ ತುಳಿಯುವುದು ಮತ್ತೊಂದು. ಹೊರೆ ಎತ್ತುವುದನ್ನೇ ಬಿಟ್ಟವಳು, ಸಂತೆಗೆ ಹೊರಟ ದಿನ ನೀರು ಕುಡಿಯದೆ ಇರುವವಳು ಪರೀಕ್ಷೆಯಲ್ಲಿ ಒಣಗಿಯೇ ಇರುತ್ತಾಳೆ. ಅದನ್ನು ಶಸ್ತ್ರಚಿಕಿತ್ಸೆಯ ಫಲವೆನ್ನಲಾಗದು.

ಭಾಷೆಯ ತೊಡಕು ಇನ್ನೂ ಸೂಕ್ಷ್ಮವಾದುದು. “ಕೆಮ್ಮಿದ್ರ ಒಂದಕ್ಕ ಹೋಗತೈತಿ” ಎಂದವಳ ಬಾಧೆ ಒತ್ತಡಜನ್ಯವೆಂದು ತಿಳಿಯಬಹುದು. ಆದರೆ “ತಡಕೊಳ್ಳಾಕ ಆಗೂದಿಲ್ಲ” ಎಂಬ ಮಾತು ಇದಕ್ಕೂ ಸಲ್ಲುತ್ತದೆ. ಮೂತ್ರಕೋಶವೇ ಅವಸರಿಸುವ ಬೇರೆಯ ರೋಗಕ್ಕೂ ಸಲ್ಲುತ್ತದೆ. ಆ ಎರಡನೆಯದಕ್ಕೆ ಈ ಶಸ್ತ್ರಕ್ರಿಯೆ ಉಪಾಯವಲ್ಲ. ಕೆಲವರಲ್ಲಿ ಪಟ್ಟಿ ಹಾಕಿದ ಮೇಲೆಯೇ ಅವಸರದ ಬಾಧೆ ಹುಟ್ಟುವುದೂ ಉಂಟು. ಇಂಗ್ಲಿಷಿನ ಪ್ರಶ್ನಾವಳಿಯನ್ನು ಗ್ರಂಥಸ್ಥ ಕನ್ನಡಕ್ಕೆ ಇಳಿಸಿದ ಮಾತ್ರಕ್ಕೆ ಈ ಭೇದ ಹೊರಬೀಳದು. ಅಲ್ಲದೆ, ಮಾತೇ ಹೊರಡುವುದು ಕಷ್ಟ. 1989ರಲ್ಲಿ ಪ್ರಕಟವಾದ ಗಡಚಿರೋಲಿಯ ಅಧ್ಯಯನದಲ್ಲಿ ಪರೀಕ್ಷಿಸಿದ 650 ಗ್ರಾಮೀಣ ಸ್ತ್ರೀಯರ ಪೈಕಿ ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಹಿಂದೆ ಪರೀಕ್ಷೆ ಕಂಡಿದ್ದವರು ನೂರಕ್ಕೆ 8 ಮಾತ್ರ. ಐಹೊಳೆಗೆ ಸಮೀಪದ ಸಿದ್ಧನಕೊಳ್ಳದಲ್ಲಿ ಲಜ್ಜಾಗೌರಿಗೆ ಸಂತಾನಕ್ಕಾಗಿ ಹರಕೆ ಹೊರುವುದುಂಟು. ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿಯೂ ಆಕೆಯ ಸುಂದರ ಶಿಲ್ಪವಿದೆ. ಹೆರಿಗೆಯನ್ನು ಇಷ್ಟು ಬಿಚ್ಚುಮನಸ್ಸಿನಿಂದ ಪೂಜಿಸಿದ ನಾಡಿನಲ್ಲಿ ಹೆತ್ತ ಮೇಲಿನ ದೇಹದ ಬಾಧೆಗೆ ನಾಲಗೆಯಿಲ್ಲದಿರುವುದು ಸೋಜಿಗ.

ಕಾಲವೆಂಬುದು ಈ ಬರವಣಿಗೆಯ ಎರಡನೆಯ ದೌರ್ಬಲ್ಯ. ಬರ್ಚನ ಶಸ್ತ್ರಕ್ರಿಯೆಗೆ ಒಳಗಾದ 109 ಮಂದಿಯನ್ನು 10ರಿಂದ 20 ವರ್ಷ ಅನುಸರಿಸಿದ ಲಂಡನ್ನಿನ ವರದಿ 1995ರಲ್ಲಿ ಬಂದಿತು. ಗುಣವಾದವರ ಪ್ರಮಾಣವು ಹತ್ತು ಹನ್ನೆರಡು ವರ್ಷ ಇಳಿಯುತ್ತ ಬಂದು ನೂರಕ್ಕೆ 69ರಲ್ಲಿ ನಿಂತಿತು. ಮುಂಗೋಡೆಯನ್ನು ಮೇಲೆತ್ತಿದ್ದರಿಂದ ಹಿಂಗೋಡೆ ಜಾರುವ ತೊಂದರೆಯೂ ಈ ಕ್ರಮಕ್ಕೆ ಅಂಟಿದೆ. ಒಂದು ವರ್ಷದ ಫಲವನ್ನು ಓದಿ ಉಪದೇಶಿಸುವವರು ಇದನ್ನು ಗಮನಿಸಬೇಕು.

ಅನುಸರಣೆಯ ಪ್ರಶ್ನೆ ಬಂದಾಗ ನಮ್ಮ ಸೀಮೆಯ ವಿಶೇಷ ಎದ್ದು ಕಾಣುತ್ತದೆ. ಅಮೆರಿಕದ 655 ಮಂದಿಯಲ್ಲಿ ಮುಂದಿನ ಅಧ್ಯಯನಕ್ಕೆ ಸೇರಿದವರು 482. ಇಲ್ಲಿಯೋ, ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳೇ ಮುಳುಗಿ ಮನೆತನಗಳು ನವನಗರಕ್ಕೆ ಹೋದುವು. ಬಾದಾಮಿ, ಹುನಗುಂದಗಳಿಂದ ದುಡಿಮೆಗಾಗಿ ಗೋವೆಗೂ ಮಂಗಳೂರಿಗೂ ಹೋಗುವವರು ಅನೇಕರು. ಕಾಗದದಲ್ಲಿರುವ ವಿಳಾಸಕ್ಕೆ ಹತ್ತು ವರ್ಷದ ಮೇಲೆ ಬರೆದರೆ ಉತ್ತರ ಬಾರದು. ಬಾರದವರೆಲ್ಲರೂ ಸುಖವಾಗಿದ್ದಾರೆಂದು ಎಣಿಸುವುದಕ್ಕೆ ಆಧಾರವಿಲ್ಲ. ನೋವಿನಿಂದ ಬೇರೆ ಊರಿನ ವೈದ್ಯರನ್ನು ಹುಡುಕಿದವಳು ಮೊದಲ ಆಸ್ಪತ್ರೆಯ ಲೆಕ್ಕದಲ್ಲಿ ಗುಣವಾದವಳೇ.

ಜಾಲರಿಯ ಪಟ್ಟಿಯ ವಿಷಯದಲ್ಲಿ ಈ ಮೌನದ ಬೆಲೆ ಏನೆಂಬುದು ಇಂಗ್ಲೆಂಡಿನಲ್ಲಿ ತಿಳಿದುಬಂದಿತು. ಪಟ್ಟಿ ಸವೆದು ಹೊರಬಂದವರು, ಹಗಲಿರುಳು ನೋವುಣ್ಣುವವರು ಬಹುಕಾಲ ಹೇಳಿದುದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2018ರ ಜುಲೈಯಲ್ಲಿ ಅದರ ಬಳಕೆಗೆ ತಡೆ ಬಿದ್ದಿತು. 2020ರಲ್ಲಿ ಬ್ಯಾರನೆಸ್ ಕಂಬರ್ಲೆಜ್ ಅವರ ವರದಿ ಬಂದಿತು. ಅಮೆರಿಕದಲ್ಲಿ 2019ರಲ್ಲಿ ಮಾರಾಟ ನಿಂತುದು ಯೋನಿಮಾರ್ಗವಾಗಿ ಅಂಗ ಜಾರುವಿಕೆಗೆ ಹಾಕುವ ಜಾಲರಿಗೆ; ಮೂತ್ರನಾಳದ ಪಟ್ಟಿಗೆ ಅಲ್ಲ. ಈ ಎರಡನ್ನು ಬೆರೆಸಿ ಪಟ್ಟಿಯನ್ನೇ ವಿಷವೆನ್ನುವವರ ಮಾತನ್ನೂ ನಾವು ಒಪ್ಪಲಾರೆವು. ನಾರ್ಡಿಕ್ ಸ್ತ್ರೀಯರ 17 ವರ್ಷಗಳನ್ನು ಅಲ್ಲಗಳೆಯಲು ಬಾರದು.

ಶಸ್ತ್ರಕ್ಕೆ ಮೊದಲು ಸ್ನಾಯುಗಳ ವ್ಯಾಯಾಮವನ್ನು ಹೇಳಿಕೊಡಬೇಕೆಂಬುದು 1948ರಲ್ಲಿ ಆರ್ನಾಲ್ಡ್ ಕೆಗೆಲ್ ಬರೆದಂದಿನಿಂದ ಬಂದ ಮಾತು. 2013ರಲ್ಲಿ 460 ಡಚ್ ಸ್ತ್ರೀಯರ ಪ್ರಯೋಗದಲ್ಲಿ ವರ್ಷಾಂತ್ಯಕ್ಕೆ ಸುಧಾರಣೆ ಕಂಡವರು ಪಟ್ಟಿಯ ಗುಂಪಿನಲ್ಲಿ ನೂರಕ್ಕೆ 90.8, ವ್ಯಾಯಾಮದ ಗುಂಪಿನಲ್ಲಿ 64.4, ಆದರೆ ಎರಡನೆಯ ಗುಂಪಿನ ಸುಮಾರು ಅರ್ಧ ಜನ ನಡುವೆಯೇ ಶಸ್ತ್ರಕ್ರಿಯೆಗೆ ದಾಟಿದ್ದರು. ಉಳಿದರ್ಧಕ್ಕೆ ಶಸ್ತ್ರ ಬೇಕಾಗಲಿಲ್ಲವೆಂಬುದನ್ನೂ ಇದರಲ್ಲಿಯೇ ಓದಬೇಕು. ಕಲಿಸುವವರು ಇಲ್ಲದ ಊರಿನಲ್ಲಿ ಆ ಅರ್ಧದವರೂ ಕತ್ತಿಯ ಕೆಳಗೆ ಬರುತ್ತಾರೆ.

ಕಂಬರ್ಲೆಜ್ ವರದಿಯು ಹಾಕಿದ ಪ್ರತಿಯೊಂದು ಸಾಧನವನ್ನೂ ರೋಗಿಯ ಹೆಸರಿನೊಡನೆ ದಾಖಲಿಸಬೇಕೆಂದು ಸಲಹೆಮಾಡಿತು. ಬಾಗಲಕೋಟೆಯ ಸೀಮೆಯಲ್ಲಿ ಅಂತಹ ದಾಖಲೆಯನ್ನು ತೊಡಗುವವರು ಪಟ್ಟಿಯ ಹೆಸರನ್ನೂ ಗಂಡನ ಮನೆಯ ವಿಳಾಸವನ್ನೂ ಬರೆದು ನಿಲ್ಲಿಸಬಾರದು. ತವರಿನ ವಿಳಾಸವನ್ನೂ, ದುಡಿಯಲು ಹೋಗುವ ಊರನ್ನೂ, ಶಸ್ತ್ರಕ್ರಿಯೆಗೆ ಮುಂಚೆ ಆಕೆ ಯಾವ ಹೊರೆಯನ್ನು ಎತ್ತುತ್ತಿದ್ದಳೆಂಬುದನ್ನೂ ಕೇಳಿ ಬರೆದುಕೊಂಡರೆ, ಹತ್ತು ವರ್ಷದ ಮೇಲೆ ಅದೇ ಹೊರೆಯ ಬಗ್ಗೆ ಆಕೆಯನ್ನು ಮತ್ತೆ ಕೇಳಬಹುದು.