ಕಂಪನಿ ಮನಸ್ಸು ಬದಲಿಸಿದ ಮೇಲೆ

ಅಂದೋಲಾದಲ್ಲಾಗಲಿ ಜೇವರ್ಗಿಯಲ್ಲಾಗಲಿ, ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡವರು ಕೇಳುವುದು ಒಂದೇ: ಯಾವ ಲಿನಕ್ಸ್ ಹಾಕಲಿ? ಅಂದ, ವೇಗ ಎಲ್ಲ ಆಮೇಲೆ. ಹಿಂದಿರುವ ಕಂಪನಿ ನಾಳೆ ಮನಸ್ಸು ಬದಲಿಸಿದರೆ ನಮ್ಮ ಕೈಯಲ್ಲಿ ಏನು ಉಳಿಯುತ್ತದೆ ಎಂಬುದನ್ನು ನಾನು ಮೊದಲು ನೋಡುತ್ತೇನೆ.

ಸೆಂಟ್‌ಓಎಸ್ ಎಂಬ ಲಿನಕ್ಸ್ ಬಳಸುತ್ತಿದ್ದವರಿಗೆ ಈ ಪ್ರಶ್ನೆಯ ಬಿಸಿ ತಟ್ಟಿದೆ. ಅದರ 8ನೇ ಆವೃತ್ತಿಗೆ 2029ರವರೆಗೆ ಆಯುಷ್ಯವಿದೆ ಎಂದು ನಂಬಿ ಜನ ಸರ್ವರ್ ಕಟ್ಟಿದರು. 2020ರ ಡಿಸೆಂಬರಿನಲ್ಲಿ ಅದರ ಹಿಂದಿದ್ದ ರೆಡ್ ಹ್ಯಾಟ್ ಕಂಪನಿ ಮಾತು ಬದಲಿಸಿತು. 2021ರ ಕೊನೆಗೆ ಅದು ನಿಂತೇಹೋಯಿತು. ಆದರೆ ಮೂಲ ಕೋಡ್ ಮುಕ್ತವಾಗಿತ್ತು. ಹಾಗಾಗಿ ರಾಕಿ ಲಿನಕ್ಸ್, ಆಲ್ಮಾಲಿನಕ್ಸ್ ಎಂಬ ಬದಲಿಗಳು ಹುಟ್ಟಿದವು. 2023ರಲ್ಲಿ ಕಂಪನಿ ಕೋಡಿನ ದಾರಿಯನ್ನೂ ಕಿರಿದು ಮಾಡಿತು. ಅವೆರಡೂ ಬೇರೆ ದಾರಿ ಹುಡುಕಿ ಇನ್ನೂ ನಡೆದಿವೆ.

ಹಾಗೆಂದು ಕಂಪನಿಯ ದುಡ್ಡನ್ನು ನಾನು ಹಳಿಯಲಾರೆ. ಲಿನಕ್ಸಿನ ತಿರುಳಾದ ಕರ್ನಲ್‌ಗೆ ಸೇರುವ ಕೋಡಿನ ಬಹುಪಾಲು ಸಂಬಳಕ್ಕೆ ದುಡಿಯುವ ಎಂಜಿನಿಯರುಗಳದ್ದು. ಲಿನಕ್ಸ್ ಪರದೆಯ ಮೇಲೆ ನಾವು ವರ್ಷಗಟ್ಟಲೆ ಓದಿದ ಲೋಹಿತ್ ಕನ್ನಡ ಅಕ್ಷರಶೈಲಿಯೂ ಇದೇ ರೆಡ್ ಹ್ಯಾಟ್ ಕೊಡುಗೆ. ಮುಕ್ತ ಪರವಾನಗಿಯಲ್ಲಿ ಬಂದದ್ದರಿಂದ ಯಾರ ಲಾಭ-ನಷ್ಟವೂ ಅದನ್ನು ನಮ್ಮಿಂದ ಕಸಿಯಲಾರದು. ‘ಬರಹ’ ಎಂಬ ಕನ್ನಡ ತಂತ್ರಾಂಶದ ಕಥೆ ಬೇರೆ. 1998ರಿಂದ ಅದು ಕನ್ನಡಿಗರಿಗೆ ಪುಕ್ಕಟೆ ಸಿಕ್ಕಿತು, ಆ ಋಣ ದೊಡ್ಡದು. ಆದರೆ ಕೋಡ್ ಮುಕ್ತವಾಗಿರಲಿಲ್ಲ. ಮುಂದೆ ಹಣ ಕೊಟ್ಟು ಕೊಳ್ಳುವ ತಂತ್ರಾಂಶವಾದಾಗ ಬಳಕೆದಾರ ಅದನ್ನು ತಾನೇ ಮುಂದುವರಿಸುವಂತಿರಲಿಲ್ಲ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಕೀಲಿಮಣೆ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದರೆ ಖ: ಕೆ.ಪಿ. ರಾವ್ ರೂಪಿಸಿದ ಈ ವಿನ್ಯಾಸವನ್ನು ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಮನೆಮನೆಗೆ ಮುಟ್ಟಿಸಿತು. ಇಂದು ಕಗಪ ಎಂಬ ಹೆಸರಲ್ಲಿ ಲಿನಕ್ಸಿನ ಕೀಲಿಮಣೆ ಪಟ್ಟಿಯಲ್ಲೇ ಅದು ಇದೆ. ಸೆಟ್ಟಿಂಗ್ಸ್‌ನಲ್ಲಿ ಆರಿಸಿಕೊಂಡರೆ ಸಾಕು, ಬೇರೇನೂ ಹಾಕಬೇಕಿಲ್ಲ. ಅದೇ ಮಾದರಿ ತೆಲುಗು, ಮರಾಠಿ, ಹಿಂದಿಗೂ ಹಬ್ಬಿದೆ. ಕನ್ನಡದ ಒಂದು ಯೋಚನೆ ಯಾವ ಕಂಪನಿಯ ಅಪ್ಪಣೆಯೂ ಇಲ್ಲದೆ ಅಷ್ಟು ದೂರ ನಡೆದದ್ದು ನೆನೆದರೆ ಎದೆ ತುಂಬುತ್ತದೆ.

ಹೀಗಾಗಿ ನನ್ನ ಆಯ್ಕೆ ಡೆಬಿಯನ್. 1993ರಲ್ಲಿ ಶುರುವಾದ ಅದಕ್ಕೆ ಮಾಲೀಕ ಕಂಪನಿಯಿಲ್ಲ. ಮುಖ್ಯಸ್ಥರನ್ನು ಡೆವಲಪರುಗಳೇ ಪ್ರತಿವರ್ಷ ಮತ ಹಾಕಿ ಆರಿಸುತ್ತಾರೆ. ಉಬುಂಟು ಅದರ ಮೇಲೆಯೇ ಕಟ್ಟಿದ್ದು, ಕಲಿಯಲು ಸುಲಭ. ಆದರೆ 2012ರಲ್ಲಿ ಅದು ಬಳಕೆದಾರರ ಹುಡುಕಾಟದೊಳಗೆ ಅಮೆಜಾನ್ ಸರಕು ತಂದು ತೋರಿಸಿದ್ದನ್ನು ನಾನು ಮರೆತಿಲ್ಲ. ಪ್ರತಿಭಟನೆ ಜೋರಾಯಿತು, 2016ರ ಆವೃತ್ತಿಯಲ್ಲಿ ಆ ಸರಕು ತಾನಾಗಿ ಕಾಣಿಸುವುದು ನಿಂತಿತು.

ಪರವಾನಗಿ ಕೋಡನ್ನು ಉಳಿಸೀತು, ದುಡಿಮೆಯನ್ನಲ್ಲ. ಲಿನಕ್ಸಿನ ಪರದೆ-ಮೆನುಗಳನ್ನು ಒದಗಿಸುವ ಗ್ನೋಮ್‌ನ ಕನ್ನಡ ಅನುವಾದ ಈಗ ಹಿಂದೆ ಬಿದ್ದಿದೆ. ಮೆನುವಿನಲ್ಲಿ ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಇದನ್ನು ಸರಿಪಡಿಸಲು ಪ್ರೋಗ್ರಾಮಿಂಗ್ ಬೇಡ. ಅನುವಾದದ ಸಾಲುಗಳಿರುವ ಪಿಓ ಕಡತವನ್ನು ಪೋಎಡಿಟ್ ಎಂಬ ತಂತ್ರಾಂಶದಲ್ಲಿ, ಅಂದರೆ ಪೋಎಡಿಟ್‌ನಲ್ಲಿ ತೆರೆದರೆ ಎಡಕ್ಕೆ ಇಂಗ್ಲಿಷ್ ಸಾಲು, ಪಕ್ಕದಲ್ಲಿ ಖಾಲಿ ಜಾಗ. ಜೇವರ್ಗಿಯ ಪದವಿ ವಿದ್ಯಾರ್ಥಿಗಳು ಕಡತ ವ್ಯವಸ್ಥಾಪಕದಿಂದಲೇ ಶುರು ಮಾಡಲಿ; ದಿನವೂ ಕಣ್ಣಿಗೆ ಬೀಳುವ ಸಾಲುಗಳು ಅಲ್ಲೇ ಹೆಚ್ಚು.