‘ರೋಗನಿರೋಧಕ ಕೋಳಿ’ – ಯಾವ ರೋಗಕ್ಕೆ?

ಹಿತ್ತಲಲ್ಲಿ ಕೋಳಿ ಸಾಕಲು ಹೊರಟಾಗ ‘ರೋಗನಿರೋಧಕ ಶಕ್ತಿಯುಳ್ಳ ತಳಿ’ ಎಂಬ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡು 1989ರಲ್ಲಿ ಬಿಡುಗಡೆಯಾದ ಗಿರಿರಾಜ, 2005ರ ಸ್ವರ್ಣಧಾರ, ಊರಿನ ನಾಟಿ ಕೋಳಿ – ಮೂರಕ್ಕೂ ಇದೇ ಬಿರುದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ರೈತ ಕುಟುಂಬಗಳು ಇದನ್ನು ನಂಬಿ ಲಸಿಕೆ ಕೈಬಿಟ್ಟರೆ ನಷ್ಟ ಅವರದೇ. ಆದ್ದರಿಂದ ಈ ಮಾತನ್ನು ತುಸು ಪರೀಕ್ಷಿಸೋಣ.

ರೋಗನಿರೋಧಕತೆ ಒಂದೇ ಗುಣವಲ್ಲ. ಕೋಳಿಯ 16ನೇ ವರ್ಣತಂತುವಿನಲ್ಲಿ ‘ಬಿ’ ಎಂಬ ಜೀನ್‌ಗಳ ಗುಂಪೊಂದಿದೆ. ಇದರ ‘ಬಿ21’ ರೂಪ ಪಡೆದ ಕೋಳಿಗಳು ಮಾರೆಕ್ಸ್ ರೋಗವನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ. ‘ಬಿ19’ ರೂಪದವು ಸುಲಭವಾಗಿ ಬಲಿಯಾಗುತ್ತವೆ. ಆದರೆ ‘ಬಿ21’ ಇದ್ದ ಮಾತ್ರಕ್ಕೆ ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಬಾರದೆಂದು ಹೇಳಲಾಗದು. ಅದರ ವೈರಸ್ಸೇ ಬೇರೆ.

‘ನಾಟಿ ಕೋಳಿಗೆ ರೋಗವಿಲ್ಲ’ ಎನ್ನುವಾಗ ನಾವು ತೋರಿಸುವ ಸಾಕ್ಷಿ ಅಂಗಳದಲ್ಲಿ ಮೇಯುತ್ತಿರುವ ಕೋಳಿ. ಸತ್ತವು ಲೆಕ್ಕಕ್ಕೆ ಬರುವುದಿಲ್ಲ. ಅಲ್ಲದೆ ಬಿಡಿಬಿಡಿಯಾಗಿ ಮೇಯುವ ನಾಲ್ಕಾರು ಕೋಳಿಗಳಿಗೆ ಕಿಕ್ಕಿರಿದ ಶೆಡ್ಡಿನಲ್ಲಿರುವಷ್ಟು ವೈರಸ್ ತಗಲುವುದಿಲ್ಲ. ಇದು ಸಾಕುವ ವಿಧಾನದ ಲಾಭ. ಜೀನ್‌ಗಳ ಖಾತೆಗೆ ಬರೆಯುವುದು ತಪ್ಪು. ಸಂತೆಯಿಂದ ತಂದ ಒಂದೇ ಹುಂಜ ಕೊಕ್ಕರೆ ರೋಗ ಹೊತ್ತು ಬಂದರೂ ಲಸಿಕೆ ಕಾಣದ ನಾಟಿ ಹಿಂಡು ಉಳಿಯುವುದು ಕಷ್ಟ.

ಜೀನನ್ನೇ ತಿದ್ದಿದರೆ? ಬ್ರಿಟನ್ನಿನ ವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಪಾಠವಾಗಬಲ್ಲದು. ಹಕ್ಕಿಜ್ವರದ ವೈರಸ್ ಕೋಳಿಯ ಜೀವಕೋಶದಲ್ಲಿ ಬೆಳೆಯಲು ‘ಎಎನ್‌ಪಿ32ಎ’ ಎಂಬ ಪ್ರೋಟೀನನ್ನು ಬಳಸಿಕೊಳ್ಳುತ್ತದೆ. ಅದರ ಜೀನನ್ನು ತಿದ್ದಿದ 10 ಕೋಳಿಗಳಿಗೆ ಸಾಮಾನ್ಯ ಪ್ರಮಾಣದ ವೈರಸ್ ನೀಡಿದಾಗ 9ಕ್ಕೆ ಸೋಂಕು ತಗಲಲಿಲ್ಲ. ಪ್ರಮಾಣವನ್ನು 1000 ಪಟ್ಟು ಹೆಚ್ಚಿಸಿದಾಗ ಅರ್ಧದಷ್ಟು ಕೋಳಿಗಳು ಸೋಂಕಿಗೆ ಒಳಗಾದವು. ವೈರಸ್ ಕೂಡ ಮಾರ್ಪಟ್ಟು ಅದೇ ಕುಟುಂಬದ ಬೇರೆ ಪ್ರೋಟೀನ್‌ಗಳನ್ನು ಬಳಸಿಕೊಂಡಿತು. ಅತ್ಯಂತ ನಿಖರವಾಗಿ ರೂಪಿಸಿದ ನಿರೋಧಕತೆಗೂ ಮಿತಿಯಿದೆ ಎಂದಾಯಿತು.

ತಳಿವಿಜ್ಞಾನಿಗಳ ಶ್ರಮವನ್ನು ಇಲ್ಲಿ ಹಗುರಗೊಳಿಸುತ್ತಿಲ್ಲ. ಹಿತ್ತಲ ವಾತಾವರಣಕ್ಕೆ ಒಗ್ಗುವ, ಹೆಚ್ಚು ಮೊಟ್ಟೆ, ಮಾಂಸ ಕೊಡುವ ಕೋಳಿ ದೊರೆತದ್ದು ಅವರಿಂದಲೇ. ಆಕ್ಷೇಪವಿರುವುದು ರೋಗದ ಹೆಸರನ್ನೇ ಹೇಳದ ಆ ವಿಶೇಷಣಕ್ಕೆ. ಮರಿ ಕೊಳ್ಳುವಾಗ ಎರಡು ಪ್ರಶ್ನೆ ಕೇಳಿ: ಯಾವ ರೋಗಕ್ಕೆ ನಿರೋಧಕ? ಯಾವ ಲಸಿಕೆ ಆಗಿದೆ? ಉತ್ತರ ಏನೇ ಬರಲಿ, ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹಾಕುವ ಕೊಕ್ಕರೆ ರೋಗದ ಲಸಿಕೆಯನ್ನೂ ಸುಮಾರು 8 ವಾರಕ್ಕೆ ಕೊಡಿಸುವ ಚುಚ್ಚುಮದ್ದನ್ನೂ ತಪ್ಪಿಸಬೇಡಿ. ಗಿರಿರಾಜನಿಗೂ ನಾಟಿಗೂ ಇದು ಸಮಾನ.